ಮನೆ ಮಾರಿದವರಿಗೆ ಬಂದ ಕೊನೆಯ ಬಿಲ್

‘ಟಿನ್ ಫ್ಯಾಕ್ಟ್ರಿ, ಟಿನ್ ಫ್ಯಾಕ್ಟ್ರಿ’ ಎಂದು ಕಂಡಕ್ಟರ್ ಕೂಗಿದರೆ ಅರ್ಧ ಬಸ್ಸು ಖಾಲಿಯಾಗುತ್ತದೆ. ಹೊಸಕೋಟೆ, ಕೋಲಾರದ ಕಡೆ ಹೋಗುವವರು, ಹೆಬ್ಬಾಳದ ಬಸ್ ಹಿಡಿಯುವವರು, ಸಿಲ್ಕ್ ಬೋರ್ಡ್ ಕಡೆ ತಿರುಗುವವರು ಎಲ್ಲರೂ ಇಳಿಯುವುದು ಅಲ್ಲೇ. ನಿಲ್ದಾಣದಲ್ಲಿ ನಿಂತರೆ ಕಣ್ಣಿಗೆ ಬೀಳುವುದು ಮೇಲ್ಸೇತುವೆ, ಮೆಟ್ರೊ ಕಂಬಗಳು, ಸ್ವಲ್ಪ ದೂರದಲ್ಲಿ ಕೆ.ಆರ್. ಪುರದ ತೂಗುಸೇತುವೆ. ‘ತಾತ, ಇದರಲ್ಲಿ ಫ್ಯಾಕ್ಟ್ರಿ ಯಾವುದು?’ ಎಂದು ನನ್ನ ಮೊಮ್ಮಗಳು ಚಿಕ್ಕವಳಿದ್ದಾಗ ಪ್ರತಿ ಸಲ ಕೇಳುತ್ತಿದ್ದಳು.

ಅಲ್ಲೇ ಒಳರಸ್ತೆಯೊಂದರ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಮ್ಮ ಮನೆ ಇತ್ತು. 2006ರಲ್ಲಿ ಕೊಂಡದ್ದು. ಒಟ್ಟು 24 ಮನೆಗಳ ಕಟ್ಟಡ, ನಮ್ಮದು 1,200 ಚದರಡಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ನಿವೃತ್ತಿಯ ನಂತರ ಆ ಮನೆಯಲ್ಲೇ ಕಾಲ ಕಳೆಯುವುದು ಎಂದುಕೊಂಡಿದ್ದೆ. ಆದರೆ ನನ್ನ ಹೆಂಡತಿಯ ಮಂಡಿ ನೋವು ಹೆಚ್ಚಾಯಿತು. ಲಿಫ್ಟ್ ಹಳೆಯದಾಗಿ ವಾರಕ್ಕೊಮ್ಮೆ ಕೈಕೊಡುತ್ತಿತ್ತು. ‘ಇಲ್ಲಿಗೇ ಬಂದುಬಿಡಿ, ಕೆಳಗಿನ ಮನೆ ಖಾಲಿ ಇದೆ’ ಎಂದು ಮೈಸೂರಿನಿಂದ ಮಗಳು ಕರೆದಳು. ಮಾರಿ ಬಂದ ಹಣದಲ್ಲೇ ಮಂಡಿ ಶಸ್ತ್ರಚಿಕಿತ್ಸೆ, ಉಳಿದದ್ದು ಬ್ಯಾಂಕಿನಲ್ಲಿ. ಇದು ನಮ್ಮ ಯೋಜನೆ.

ಕೊಳ್ಳುವವರು ಬೇಗ ಸಿಕ್ಕಿದರು. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ಮೆಟ್ರೊ ಓಡಲು ಶುರುವಾದ ಮೇಲೆ ಬೆನ್ನಿಗಾನಹಳ್ಳಿ ನಿಲ್ದಾಣದ ಆಸುಪಾಸಿನ ಮನೆಗಳನ್ನು ಕೇಳುವವರು ಹೆಚ್ಚಾಗಿದ್ದರು. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಬಂದು ನೋಡಿದರು, ಒಪ್ಪಿದರು, ಮುಂಗಡ ಕೊಟ್ಟರು. ‘ನಮ್ಮ ಬ್ಯಾಂಕಿನವರು ಅಸೋಸಿಯೇಷನ್‌ನಿಂದ ಎನ್‌ಒಸಿ ಕೇಳ್ತಿದ್ದಾರೆ ಸಾರ್, ಬಾಕಿ ಏನೂ ಇಲ್ಲ ಅಂತ ಒಂದು ಪತ್ರ’ ಎಂದರು. ಒಂದು ಪತ್ರ ತಾನೇ ಎಂದುಕೊಂಡು ಕೆಳಗಿನ ಆಫೀಸಿಗೆ ಹೋದೆ.

ಮರುದಿನ ಪತ್ರದ ಬದಲು ಬಿಲ್ ಬಂತು.

ಬಿಲ್ಲಿನಲ್ಲಿ ಏನಿತ್ತು?

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಏಳನೇ ತರಗತಿ ಮುಗಿಸಿದ್ದಳು. ಬಿಲ್ ಅವಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದೆ.

ಮೂರು ತಿಂಗಳ ಮೇಂಟೆನೆನ್ಸ್ ಬಾಕಿ: 10,800 ರೂಪಾಯಿ.
ಹೊಸ ಲಿಫ್ಟ್‌ಗಾಗಿ ವಿಶೇಷ ವಂತಿಗೆ: 18,000 ರೂಪಾಯಿ.
ವರ್ಗಾವಣೆ ಶುಲ್ಕ, ಚದರಡಿಗೆ 50 ರೂಪಾಯಿಯಂತೆ: 60,000 ರೂಪಾಯಿ.
ಎನ್‌ಒಸಿ ಪತ್ರದ ಶುಲ್ಕ: 5,000 ರೂಪಾಯಿ.
ಸಾಮಾನು ಸಾಗಿಸುವ ಶುಲ್ಕ: 5,000 ರೂಪಾಯಿ.

ಇದರ ಮೇಲೆ 10,000 ರೂಪಾಯಿ ಠೇವಣಿ. ಸಾಮಾನು ಇಳಿಸುವಾಗ ಲಿಫ್ಟ್, ಗೋಡೆ ಏನೂ ಹಾಳಾಗದಿದ್ದರೆ ಅದು ವಾಪಸ್.

ಅವಳು ಬೆರಳು ಮಡಿಸದೆ ಕೂಡಿಸಿದಳು. ‘ಠೇವಣಿ ಬಿಟ್ಟು 98,800 ತಾತ. ಒಂದು ಪತ್ರಕ್ಕೆ ಇಷ್ಟೊಂದಾ?’

ಅಡುಗೆ ಮನೆಯಿಂದ ಅವಳ ಅಜ್ಜಿ ಕೂಗಿದಳು: ‘ನನ್ನ ಒಂದು ಮಂಡಿ ಹೋಯ್ತು ಅನ್ನಿ.’

ತಮಾಷೆಗೆ ಹೇಳಿದ್ದಾದರೂ ನಗು ಬರಲಿಲ್ಲ. ಪತ್ರ ಬಾರದಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲ ಬಾರದಿದ್ದರೆ ಕ್ರಯಪತ್ರ ಆಗುವುದಿಲ್ಲ. ಕರಾರಿನ ಗಡುವಿಗೆ ಇನ್ನು ಆರು ವಾರ ಉಳಿದಿತ್ತು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ‘ಹೋಗಲಿ ಅತ್ಲಾಗೆ’ ಎಂದು ಕಟ್ಟಿಬಿಡುತ್ತಾರೆ. ನಾನೂ ಚೆಕ್ ಪುಸ್ತಕ ತೆಗೆದಿದ್ದೆ. ‘ಇದೆಲ್ಲ ಯಾಕೆ ಅಂತ ಕೇಳಿದ್ರಾ ತಾತ? ಲೆಕ್ಕದಲ್ಲಿ ಹಂತ ತೋರಿಸದಿದ್ರೆ ನೀವು ಮಾರ್ಕ್ಸ್ ಕೊಡ್ತಿರಲಿಲ್ವಲ್ಲ’ ಎಂದಳು ಮೊಮ್ಮಗಳು. ಚೆಕ್ ಪುಸ್ತಕ ಮುಚ್ಚಿದೆ.

ಕೇಳುವವರು ಯಾರು?

ಮೊದಲು ಅವಳಿಗೊಂದು ವಿಷಯ ಬಿಡಿಸಿ ಹೇಳಬೇಕಾಯಿತು. ಅಪಾರ್ಟ್‌ಮೆಂಟಿನಲ್ಲಿ ನಾವು ಕೊಳ್ಳುವುದು ನಾಲ್ಕು ಗೋಡೆಯನ್ನು ಮಾತ್ರವಲ್ಲ. ಮೆಟ್ಟಿಲು, ಲಿಫ್ಟ್, ತಾರಸಿ, ಸಂಪು, ಬೋರ್‌ವೆಲ್, ಕಟ್ಟಡ ನಿಂತಿರುವ ನೆಲ, ಇವೆಲ್ಲದರಲ್ಲೂ ಪ್ರತಿ ಮನೆಯವರಿಗೆ ಒಂದೊಂದು ಪಾಲು. ಬೇರೆ ಬೇರೆ ಮಾಡಿ ಹಂಚಿಕೊಳ್ಳಲಾಗದ ಪಾಲು ಅದು. ಇದನ್ನು ನೋಡಿಕೊಳ್ಳಲು ಮನೆಯ ಮಾಲೀಕರೆಲ್ಲ ಸೇರಿ ಮಾಡಿಕೊಳ್ಳುವುದೇ ಅಸೋಸಿಯೇಷನ್, ಅಂದರೆ ಮಾಲೀಕರ ಸಂಘ. ಸಂಘದಿಂದ ಆಯ್ಕೆಯಾದ ನಾಲ್ಕೈದು ಜನ ಸಮಿತಿ.

ಸಮಿತಿಯವರಿಗೂ ಅವರವರ ಕೆಲಸ ಇರುತ್ತದೆ. ಹಾಗಾಗಿ ಕಸ ಗುಡಿಸಲು, ಪಂಪು ಹಾಕಲು, ಗೇಟು ಕಾಯಲು, ಬಿಲ್ ಹಂಚಲು ಒಂದು ನಿರ್ವಹಣಾ ಕಂಪನಿಯನ್ನು ಗೊತ್ತು ಮಾಡುತ್ತಾರೆ. ಕಂಪನಿ ಕಟ್ಟಡದ ಒಡೆಯನಲ್ಲ, ಸಂಘ ಸಂಬಳ ಕೊಟ್ಟು ಇಟ್ಟುಕೊಂಡಿರುವ ಕೆಲಸಗಾರ. ಕಂಪನಿಯ ಕಾಗದದಲ್ಲಿ ಬಿಲ್ ಬಂದರೂ ‘ಈ ಹಣ ಸಂಘಕ್ಕೋ ಕಂಪನಿಗೋ? ಯಾವ ನಿಯಮದ ಪ್ರಕಾರ?’ ಎಂದು ಕೇಳುವ ಹಕ್ಕು ಮಾಲೀಕರಿಗೆ ಇದೆ.

‘ಅಂದ್ರೆ ಬಿಲ್ ಕಳಿಸಿದವರು ನೀವೇ, ಕಟ್ಟೋರೂ ನೀವೇ’ ಎಂದಳು ಅವಳು. ಆ ಮಾತು ಎಷ್ಟು ನಿಜ ಎಂದು ಆಗ ನನಗೆ ಗೊತ್ತಿರಲಿಲ್ಲ.

ಬಾಕಿ ಬೇರೆ, ಶುಲ್ಕ ಬೇರೆ

ಬಿಲ್ಲಿನ ಐದು ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿಯೊಂದರ ಎದುರು ‘ಯಾಕೆ?’ ಎಂದು ಹಾಕಿದೆವು.

ಮೊದಲನೆಯದು ಮೇಂಟೆನೆನ್ಸ್. ಚದರಡಿಗೆ 3 ರೂಪಾಯಿಯಂತೆ ತಿಂಗಳಿಗೆ 3,600. ಮೂರು ತಿಂಗಳು ಕಟ್ಟಿಲ್ಲ ಎಂದು ಬಿಲ್ ಹೇಳುತ್ತಿತ್ತು. ಬೀರುವಿನಲ್ಲಿದ್ದ ಬಿಸ್ಕತ್ ಡಬ್ಬಿ ತೆಗೆದೆವು. ಇಪ್ಪತ್ತು ವರ್ಷದ ರಸೀದಿಗಳನ್ನು ನನ್ನ ಹೆಂಡತಿ ದಾರ ಕಟ್ಟಿ ಇಟ್ಟಿದ್ದಳು. ಮೂರರಲ್ಲಿ ಎರಡು ತಿಂಗಳ ರಸೀದಿ ಸಿಕ್ಕಿತು. ಒಂದು ತಿಂಗಳದು ನಿಜವಾಗಿಯೂ ಬಾಕಿ. ಆಸ್ಪತ್ರೆಗೆ ಓಡಾಡುವ ಗಲಾಟೆಯಲ್ಲಿ ಮರೆತಿದ್ದೆ.

ಎರಡನೆಯದು ಲಿಫ್ಟ್. ‘ನಾವು ಹೋಗ್ತಾ ಇದ್ದೀವಲ್ಲ, ನಮಗೆ ಯಾಕೆ ಹೊಸ ಲಿಫ್ಟು?’ ಎಂದು ಮೊಮ್ಮಗಳ ವಾದ. ಆದರೆ ಲಿಫ್ಟ್ ಹಾಕಿಸುವ ತೀರ್ಮಾನ ಸರ್ವ ಸದಸ್ಯರ ಸಭೆಯಲ್ಲಿ ಆಗಿತ್ತು, ಆ ದಿನ ಮನೆಯ ಮಾಲೀಕ ನಾನೇ. ಹೊಸ ಲಿಫ್ಟ್ ಬರುತ್ತದೆ ಎಂದು ಕೊಳ್ಳುವವರಿಗೆ ಹೇಳಿಯೇ ಬೆಲೆ ಮಾತಾಡಿದ್ದೆ. ಇದನ್ನು ಕಟ್ಟಲೇಬೇಕು.

ಇವೆರಡೂ ‘ಬಾಕಿ’. ನಾವು ಕೊಡಬೇಕಾದ ಹಣ. ಉಳಿದ ಮೂರೂ ‘ಶುಲ್ಕ’. ನಾವು ಮಾರುತ್ತಿದ್ದೇವೆ ಎಂಬ ಕಾರಣಕ್ಕೆ ಹುಟ್ಟಿಕೊಂಡದ್ದು.

ಕಾನೂನು ಏನು ಹೇಳುತ್ತದೆ?

ಹಳೆಯ ವಿದ್ಯಾರ್ಥಿಯೊಬ್ಬ ವಕೀಲನಾಗಿದ್ದಾನೆ. ಭಾನುವಾರ ಕಾಫಿಗೆ ಬಂದವನು ಮೊಮ್ಮಗಳಿಗೆ ಅರ್ಥವಾಗುವ ಹಾಗೆ ಹೇಳಿದ.

ನಮ್ಮ ರಾಜ್ಯದಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇದೆ. ಅದರ ಪ್ರಕಾರ, ಮಾರುವವರು ಉಳಿಸಿದ ಸಾಮಾನ್ಯ ವೆಚ್ಚದ ಬಾಕಿಗೆ ಕೊಳ್ಳುವವರೂ ಜೊತೆಯಾಗಿ ಹೊಣೆ. ನಾನು ಕಟ್ಟದೆ ಹೋದರೆ ಸಂಘ ಅವರನ್ನು ಕೇಳಬಹುದು. ಕೊಳ್ಳುವವರೂ ಬ್ಯಾಂಕಿನವರೂ ‘ಬಾಕಿ ಇಲ್ಲ’ ಎಂಬ ಪತ್ರಕ್ಕೆ ಪಟ್ಟು ಹಿಡಿಯುವುದು ಇದಕ್ಕೇ. ಅದು ತಪ್ಪಲ್ಲ. ಬಾಕಿ ಎಷ್ಟು ಎಂಬ ಲಿಖಿತ ಲೆಕ್ಕವನ್ನು ಸಂಘದಿಂದ ಪಡೆಯುವ ಹಕ್ಕನ್ನೂ ಕಾಯ್ದೆ ಕೊಳ್ಳುವವರಿಗೆ ಕೊಟ್ಟಿದೆ. ಆ ಪತ್ರದಲ್ಲಿ ಬರೆದದ್ದಕ್ಕಿಂತ ಹೆಚ್ಚಿನ ಹಳೆಯ ಬಾಕಿಯನ್ನು ಆಮೇಲೆ ಅವರ ಮೇಲೆ ಹೊರಿಸುವಂತಿಲ್ಲ.

ವರ್ಗಾವಣೆ ಶುಲ್ಕದ ಮಾತು ಬೇರೆ. ಅದು ಎಷ್ಟಿರಬೇಕು ಎಂದು ಈ ಕಾಯ್ದೆ ಮಿತಿ ಹಾಕಿಲ್ಲ. ಎಲ್ಲವೂ ಸಂಘದ ಬೈಲಾವನ್ನು ಅವಲಂಬಿಸಿದೆ. ಈ ಕಾಯ್ದೆಯಡಿ ನಡೆಯುವ ಸಂಘದ ಬೈಲಾಗೆ ತಿದ್ದುಪಡಿ ಮಾಡಿದರೆ ಅದನ್ನು ಕಟ್ಟಡದ ಘೋಷಣಾ ಪತ್ರದಲ್ಲಿ ಸೇರಿಸಿ ದಾಖಲು ಮಾಡಿಸಬೇಕು. ಇಲ್ಲದಿದ್ದರೆ ಅದು ಊರ್ಜಿತವಲ್ಲ. ಬೆಂಗಳೂರಿನ ಅನೇಕ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುವುದರಿಂದ ನಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಬೇಕು.

‘ಮೇಷ್ಟ್ರೇ, ಜಗಳಕ್ಕೆ ಹೋಗಬೇಡಿ. ಬೈಲಾ ಮತ್ತು ನಡಾವಳಿ ಪುಸ್ತಕ ತೋರಿಸಿ ಅಂತ ಒಂದು ಕಾಗದ ಬರೆದು ಕೊಡಿ, ಸಾಕು’ ಎಂದ.

ಇದು ನಮ್ಮೂರಿನ ತೊಂದರೆ ಮಾತ್ರವಲ್ಲ ಎಂದೂ ಅವನಿಂದಲೇ ತಿಳಿಯಿತು. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳಲ್ಲಿ ವರ್ಗಾವಣೆ ಶುಲ್ಕ ಏರುತ್ತಾ ಹೋದಾಗ ಅಲ್ಲಿನ ಸರ್ಕಾರ 2001ರಲ್ಲಿ 25,000 ರೂಪಾಯಿಯ ಮಿತಿ ಹಾಕಿತು. ಆ ಸಂಘಗಳ ತೆರಿಗೆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಇಂಥ ಶುಲ್ಕ ಸದಸ್ಯರೇ ಕೂಡಿಹಾಕಿ ಸದಸ್ಯರಿಗೇ ಬಳಸುವ ಹಣ, ವ್ಯಾಪಾರದ ಲಾಭವಲ್ಲ ಎಂದು ಕೋರ್ಟು 2018ರ ಮಾರ್ಚ್‌ನಲ್ಲಿ ಹೇಳಿತು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಬಾಕಿ ಲೆಕ್ಕದ ಪತ್ರಕ್ಕೆ ಸಂಘಗಳು ಎಷ್ಟು ಪಡೆಯಬಹುದು ಎಂದು 2017ರಲ್ಲಿ ಕಾನೂನೇ ಬಂತು. ಬಾಕಿ ಇಲ್ಲದವರಿಗೆ ಆಗ ಗೊತ್ತು ಮಾಡಿದ ಮಿತಿ 250 ಡಾಲರ್. ಇಂಗ್ಲೆಂಡಿನಲ್ಲೂ ಫ್ಲಾಟ್ ಮಾರುವವರು ನಿರ್ವಹಣಾ ಕಂಪನಿಯಿಂದ ಕಾಗದಪತ್ರದ ಒಂದು ಕಟ್ಟನ್ನು ಹಣ ಕೊಟ್ಟು ಪಡೆಯಬೇಕು. ಗೋಡೆ, ಛಾವಣಿ ಹಂಚಿಕೊಂಡು ಬದುಕುವ ಕಡೆಯಲ್ಲೆಲ್ಲ ಈ ಪ್ರಶ್ನೆ ಇದ್ದೇ ಇದೆ.

ನಡಾವಳಿ ಪುಸ್ತಕದಲ್ಲಿ ಕಂಡ ಸಹಿ

ಕಾಗದ ಕೊಟ್ಟ ನಾಲ್ಕನೇ ದಿನ ಸಂಘದ ಕಾರ್ಯದರ್ಶಿ ಮನೆಗೇ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆದು. ಕಂಕುಳಲ್ಲಿ ದಪ್ಪನೆಯ ನಡಾವಳಿ ಪುಸ್ತಕ.

‘ಸಾರ್, ಬೇಸಿಗೆ ಬಂದ್ರೆ ಬೋರ್‌ವೆಲ್ ಬತ್ತುತ್ತೆ, ಟ್ಯಾಂಕರ್‌ಗೆ ಎಷ್ಟು ಹೋಗುತ್ತೆ ಅಂತ ನಿಮಗೇ ಗೊತ್ತು. ತಿಂಗಳ ಮೇಂಟೆನೆನ್ಸ್ ಹತ್ತು ಪೈಸೆ ಏರಿಸ್ತೀವಿ ಅಂದ್ರೂ ಸಭೆಯಲ್ಲಿ ಗಲಾಟೆ. ಮಾರಿ ಹೋಗೋರ ಕೈಯಲ್ಲಿ ಹೇಗೂ ದುಡ್ಡಿರುತ್ತಲ್ಲ ಅಂತ ಈ ಶುಲ್ಕ.’

ಈ ಮಾತನ್ನು ಹಿಂದೆ ಎಲ್ಲೋ ಕೇಳಿದ್ದೇನೆ ಅನಿಸಿತು. ಪುಟ ತಿರುವುತ್ತಿದ್ದ ಮೊಮ್ಮಗಳು 2014ರ ಸರ್ವ ಸದಸ್ಯರ ಸಭೆಯ ಪುಟದಲ್ಲಿ ನಿಂತಳು. ‘ಮನೆ ಮಾರುವವರಿಂದ ಚದರಡಿಗೆ 10 ರೂಪಾಯಿಯಂತೆ ವರ್ಗಾವಣೆ ಶುಲ್ಕ ಪಡೆಯಲು ಬೈಲಾ ತಿದ್ದುಪಡಿ ಮಾಡಿ ನೋಂದಾಯಿಸಲು ತೀರ್ಮಾನಿಸಲಾಯಿತು.’ ಕೆಳಗೆ ಸೂಚಿಸಿದವರು, ಅನುಮೋದಿಸಿದವರು.

‘ತಾತ, ಇದು ನಿಮ್ಮ ಸಹಿ ಅಲ್ವಾ?’

ನನ್ನದೇ. ಅನುಮೋದಿಸಿದವನು ನಾನು. ಆ ಸಭೆ ನೆನಪಿಗೆ ಬಂತು. ಆ ವರ್ಷ ಎರಡನೇ ಮಹಡಿಯ ವಿಧವೆಯೊಬ್ಬರು ಮನೆ ಮಾರುತ್ತಿದ್ದರು. ಅವರು ಸಭೆಯ ಹಿಂದಿನ ಕುರ್ಚಿಯಲ್ಲಿ ಮಾತಾಡದೆ ಕೂತಿದ್ದರು. ‘ಹೋಗೋರು ಕೊಟ್ಟು ಹೋಗಲಿ, ಇರೋರಿಗೆ ಹೊರೆ ಬೇಡ’ ಎಂದು ಎದ್ದು ನಿಂತು ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹೋಗುವವರ ಸಾಲಿನಲ್ಲಿ ಒಂದು ದಿನ ನಾನೂ ನಿಲ್ಲುತ್ತೇನೆ ಎಂಬುದು ಗಣಿತದ ಮೇಷ್ಟರಿಗೆ ಹೊಳೆದಿರಲಿಲ್ಲ.

ಮೊಮ್ಮಗಳ ಮುಖ ನೋಡಲು ನಾಚಿಕೆಯಾಯಿತು. ಅವಳು ಮಾತ್ರ ಪುಟ ತಿರುವುತ್ತಲೇ ಇದ್ದಳು. ‘ಹತ್ತು ರೂಪಾಯಿ ಅಂತ ಇದೆ. ಐವತ್ತು ಅಂತ ಯಾವ ಪುಟದಲ್ಲಿದೆ ಅಂಕಲ್?’

ಕಾರ್ಯದರ್ಶಿಯೂ ಹುಡುಕಿದರು. ಎಲ್ಲೂ ಇರಲಿಲ್ಲ. ಎರಡು ವರ್ಷದ ಹಿಂದೆ ಸಮಿತಿಯವರು ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿಕೊಂಡು 50 ಎಂದು ಕಂಪನಿಗೆ ಹೇಳಿದ್ದರು. ಕಂಪನಿ ಬಿಲ್ಲಿನಲ್ಲಿ ಹಾಕಿತ್ತು. ಸಭೆಗೆ ಬಂದಿರಲಿಲ್ಲ, ಬೈಲಾಗೆ ಸೇರಿರಲಿಲ್ಲ. ಎನ್‌ಒಸಿ ಪತ್ರದ 5,000 ರೂಪಾಯಿ ಕಂಪನಿ ತಾನೇ ಸೇರಿಸಿಕೊಂಡದ್ದು. ಸಂಘದೊಂದಿಗಿನ ಅವರ ಕರಾರಿನಲ್ಲಿ ಅಂಥ ಸಾಲೇ ಇರಲಿಲ್ಲ. ಸಾಮಾನು ಸಾಗಿಸುವ 5,000 ಮಾತ್ರ ಸಭೆಯಲ್ಲಿ ಒಪ್ಪಿದ ದರ. ನಾವು ಬರುವ ಬಾಡಿಗೆದಾರರಿಂದಲೂ ಪಡೆಯುತ್ತಿದ್ದದ್ದು.

ಕಾರ್ಯದರ್ಶಿ ಅಲ್ಲೇ ಕೂತು ಬಿಲ್ ತಿದ್ದಿದರು. ಒಂದು ತಿಂಗಳ ಮೇಂಟೆನೆನ್ಸ್ 3,600, ಲಿಫ್ಟ್ 18,000, ವರ್ಗಾವಣೆ ಶುಲ್ಕ 12,000, ಸಾಗಣೆ 5,000. ಒಟ್ಟು 38,600 ರೂಪಾಯಿ. 60,200 ರೂಪಾಯಿ ಉಳಿಯಿತು.

‘12,000 ಕೂಡ ಕಡಿಮೆ ಮಾಡಿ ಅಂತ ಕೇಳಬಹುದಿತ್ತಲ್ಲ’ ಎಂದಳು ಹೆಂಡತಿ, ಅವರು ಹೋದ ಮೇಲೆ. ಕೇಳಲು ಬಾಯಿ ಬರಲಿಲ್ಲ. ಎರಡನೇ ಮಹಡಿಯವರು ತುಟಿ ಬಿಚ್ಚದೆ ಕಟ್ಟಿ ಹೋದ ಹಣ ಅದು.

ಹೊರಡುವ ಮುನ್ನ

ಸಂಘದ ಬಿಲ್ ಅಲ್ಲದೆ ಸರ್ಕಾರದ ಲೆಕ್ಕವೂ ಇದೆ. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕವನ್ನು ಸಾಮಾನ್ಯವಾಗಿ ಕೊಳ್ಳುವವರೇ ಭರಿಸುತ್ತಾರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಮನೆಯ ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ 1ರಷ್ಟನ್ನು ಹಿಡಿದುಕೊಂಡು ನಮ್ಮ ಹೆಸರಿನಲ್ಲಿ ಆದಾಯ ತೆರಿಗೆಗೆ ಕಟ್ಟುತ್ತಾರೆ. ಮಾರುವವರು ಆಸ್ತಿ ತೆರಿಗೆ ಚುಕ್ತಾ ಮಾಡಿ ಇ-ಖಾತಾ ಸಿದ್ಧ ಇಟ್ಟುಕೊಳ್ಳಬೇಕು. ಇವಕ್ಕೆಲ್ಲ ದರಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಸಂಘದ ಶುಲ್ಕಕ್ಕೂ ಅಂಥದೊಂದು ಪಟ್ಟಿ ಗೋಡೆಯ ಮೇಲೆ ಇರಬಾರದೇಕೆ?

ನಾವು ಖಾಲಿ ಮಾಡುವ ಮುಂಚಿನ ಭಾನುವಾರ ಸಂಘದ ಸಭೆ ಇತ್ತು. ಇದನ್ನೇ ಕೇಳಿದೆ. 2014ರಲ್ಲಿ ನಾನು ಹೇಳಿದ್ದನ್ನೂ ಒಪ್ಪಿಕೊಂಡೆ. ಹೊಸಬರು ಕೆಲವರು ನಕ್ಕರು, ಹಳಬರು ನಗಲಿಲ್ಲ. ಶುಲ್ಕವನ್ನು ತೆಗೆಯುವ ತೀರ್ಮಾನ ಆಗಲಿಲ್ಲ. ಆದರೆ ಏನೇನು, ಎಷ್ಟೆಷ್ಟು, ಯಾವ ಸಭೆಯ ತೀರ್ಮಾನ ಎಂದು ಬರೆದು ಸೂಚನಾ ಫಲಕಕ್ಕೆ ಹಾಕಲು ಎಲ್ಲರೂ ಒಪ್ಪಿದರು. ಕನ್ನಡದಲ್ಲಿ ಬರೆದುಕೊಟ್ಟವಳು ಮೊಮ್ಮಗಳು.

ಸಾಮಾನು ಲಾರಿಗೆ ಏರಿದ ದಿನ ಹೊಸ ಲಿಫ್ಟ್ ಇನ್ನೂ ಬಂದಿರಲಿಲ್ಲ. ನನ್ನ ಹೆಂಡತಿಯನ್ನು ಹಳೆಯ ಲಿಫ್ಟ್‌ನಲ್ಲಿ ಇಳಿಸಿದೆವು. ಆ ದಿನ ಅದು ಕೈಕೊಡಲಿಲ್ಲ. 10,000 ರೂಪಾಯಿ ಠೇವಣಿ ವಾರದೊಳಗೆ ವಾಪಸ್ ಬಂತು. ಈಗ ಮೈಸೂರಿನಲ್ಲಿ ನನ್ನ ಹೆಂಡತಿ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ.

ಮನೆ ಮಾರುವ ಮುನ್ನ ನೆನಪಿಡಿ

• ಕೊಳ್ಳುವವರಿಂದ ಮುಂಗಡ ಪಡೆಯುವ ಮೊದಲೇ ಸಂಘದಿಂದ ಬಾಕಿ ಮತ್ತು ಶುಲ್ಕದ ಲಿಖಿತ ಪಟ್ಟಿ ಕೇಳಿ. ಗಡುವು ಹತ್ತಿರ ಬಂದ ಮೇಲೆ ಪ್ರಶ್ನೆ ಕೇಳಲು ಧೈರ್ಯ ಬರುವುದಿಲ್ಲ.
• ಪಟ್ಟಿಯ ಪ್ರತಿ ಸಾಲಿಗೂ ಬೈಲಾ ಅಥವಾ ಸಭೆಯ ತೀರ್ಮಾನ ಯಾವುದು ಎಂದು ಕಾಗದದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ.
• ಮೇಂಟೆನೆನ್ಸ್ ರಸೀದಿಗಳನ್ನು ಎಸೆಯಬೇಡಿ.
• ಯಾವ ಶುಲ್ಕ ಯಾರು ಕಟ್ಟಬೇಕು ಎಂಬುದನ್ನು ಮಾರಾಟದ ಕರಾರಿನಲ್ಲೇ ಬರೆಸಿ.
• ಮನೆ ಕೊಂಡಾಗ ಕಟ್ಟಿದ ಮೂಲನಿಧಿ ಸಾಮಾನ್ಯವಾಗಿ ಮಾರುವಾಗ ವಾಪಸ್ ಬರುವುದಿಲ್ಲ, ಮನೆಯ ಜೊತೆಗೇ ಹೋಗುತ್ತದೆ. ಬೆಲೆ ಮಾತಾಡುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ.
• ಕಟ್ಟಿದ ಹಣಕ್ಕೆ ಸಂಘದ ಹೆಸರಿನ ರಸೀದಿ ಪಡೆಯಿರಿ. ನಗದು ಕೊಡಬೇಡಿ.

ಮಕ್ಕಳಿಗೊಂದು ಲೆಕ್ಕ

24 ಮನೆಗಳ ಕಟ್ಟಡಕ್ಕೆ ಹೊಸ ಲಿಫ್ಟ್ ಬೇಕು. ಬೆಲೆ 4,32,000 ರೂಪಾಯಿ. ವರ್ಷಕ್ಕೆ ಎರಡು ಮನೆ ಮಾರಾಟವಾಗಿ, ಒಂದೊಂದರಿಂದ 12,000 ರೂಪಾಯಿ ವರ್ಗಾವಣೆ ಶುಲ್ಕ ಬಂದರೆ ಲಿಫ್ಟ್‌ನ ಹಣ ಕೂಡಲು ಎಷ್ಟು ವರ್ಷ ಬೇಕು? ಅದರ ಬದಲು ಪ್ರತಿ ಮನೆಯವರೂ ತಿಂಗಳಿಗೆ 500 ರೂಪಾಯಿ ಎತ್ತಿಟ್ಟರೆ ಎಷ್ಟು ವರ್ಷ ಸಾಕು? ಉತ್ತರವನ್ನು ತಾತ ಅಜ್ಜಿಗೆ ತೋರಿಸಿ, ಹಂತಗಳನ್ನೂ ಬರೆಯಿರಿ.

(ಉತ್ತರ: 18 ವರ್ಷ, 3 ವರ್ಷ.)